ಬರೆಯಬಾರದ ಹೆಸರು

ಕಿವಿಗೆ ಇಟ್ಟುಕೊಳ್ಳಲು ಕೊಟ್ಟ ಹೆಡ್‌ಫೋನಿನ ಸ್ಪಂಜು ಸುಲಿದುಹೋಗಿತ್ತು. ಅಂಚಿನಲ್ಲಿ ಯಾರದೋ ಕಿವಿಯ ಎಣ್ಣೆಜಿಡ್ಡು ಹಳದಿಯಾಗಿ ಕೂತಿತ್ತು. ಯಾದವ ಮೆಂಡನ್ನರು ಅದನ್ನು ಎರಡು ಬೆರಳಲ್ಲಿ ಎತ್ತಿ, ಕರವಸ್ತ್ರದಿಂದ ಒರೆಸಿ, ಆಮೇಲೆ ಆ ಕರವಸ್ತ್ರವನ್ನು ಎಲ್ಲಿಡುವುದೆಂದು ತಿಳಿಯದೆ ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡರು. ಜೀವಮಾನವಿಡೀ ಓದುಗರಿಗೆ ಕೀವು, ಲೋಳೆ, ಕೊಳೆತ ಹೆಣ ಎಂದು ಬಡಿಸಿದ ಮನುಷ್ಯನಿಗೆ ಯಾರದೋ ಕಿವಿಯ ಜಿಡ್ಡು ತಡೆಯುವುದಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ವಿಷಯ ಇರುವುದೇ ಹಾಗೆ. ಹೇಸಿಕೊಳ್ಳಲು ಬಾರದವನಿಗೆ ಹೇಸಿಗೆಯನ್ನು ಬರೆಯಲೂ ಬರುವುದಿಲ್ಲ.

"ಹಾಕಿ ಸರ್, ಪ್ಲೇ ಮಾಡ್ತೇನೆ," ಎಂದ ಎದುರು ಕೂತಿದ್ದ ಹಿತೇಶ್.

ಹಿತೇಶ್ ಕಾಟಿಪಳ್ಳದ ಹುಡುಗ. ಕದ್ರಿ ಪಾರ್ಕಿನ ಹತ್ತಿರ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿರುವ 'ಗುಂಯ್' ಎಂಬ ಕಂಪೆನಿಯಲ್ಲಿ ಕನ್ನಡದ ಯಜಮಾನಿಕೆ ಅವನದು. ಫೋನಿನಲ್ಲಿ ಕಥೆ ಕೇಳಿಸುವ ಕಂಪೆನಿ. ಪುಸ್ತಕ ಹಿಡಿಯಲು ಪುರುಸೊತ್ತಿಲ್ಲದವರು ಅಡುಗೆ ಮಾಡುತ್ತ, ಬಸ್ಸಿನಲ್ಲಿ ನೇತಾಡುತ್ತ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರಂತೆ. ಮೆಂಡನ್ನರ ಹಳೆಯ ಕಾದಂಬರಿಗಳನ್ನೆಲ್ಲ ಒಂದೊಂದಾಗಿ ಕೇಳಿಸುತ್ತೇವೆ ಎಂದು ಮಳೆಗಾಲಕ್ಕೆ ಮೊದಲೇ ಒಪ್ಪಂದ ಮಾಡಿಸಿಕೊಂಡಿದ್ದ. ಮೊದಲನೆಯದು 'ಅಳಿವೆಬಾಗಿಲು'. ತಯಾರಾಗಿದೆ, ಬಂದು ಕೇಳಿ ಎಂದು ಕರೆಸಿದ್ದ.

ಮೊದಲು ತೆರೆಯ ಸದ್ದು. ಆಮೇಲೆ ದೋಣಿಯ ಇಂಜಿನು. ಆಮೇಲೆ ಒಬ್ಬಳು ಹೆಂಗಸು ತಗ್ಗಿದ ದನಿಯಲ್ಲಿ ಓದತೊಡಗಿದಳು. ಬೆಂಗ್ರೆಯಿಂದ ಬಂದರಿಗೆ ಹೊರಟ ಕೊನೆಯ ದೋಣಿ, ಹತ್ತಿದವರಿಗಿಂತ ಇಳಿದವರು ಒಬ್ಬರು ಹೆಚ್ಚು. ತಾವು ಬರೆದು ನಾಲ್ಕು ದಶಕ ದಾಟಿದ ವಾಕ್ಯಗಳು. ಸಕ್ಕರೆ ಕಾಯಿಲೆ ಮೆಂಡನ್ನರ ಕಣ್ಣನ್ನು ತಿಂದು ಹಾಕಿ ಕೆಲವು ವರ್ಷವಾಗಿತ್ತು. ಅಂದಿನಿಂದ ಓದು ಇಲ್ಲ, ಬರಹವಂತೂ ಇಲ್ಲವೇ ಇಲ್ಲ. ತಮ್ಮ ಬರಹ ಇನ್ನೊಮ್ಮೆ ತಮಗೇ ಸಿಗುತ್ತದೆ ಎಂದು ಅವರು ಎಣಿಸಿರಲಿಲ್ಲ. ಜಿಡ್ಡನ್ನು ಮರೆತು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು.

ಆಗ ಆ ಹೆಂಗಸು ಹೇಳಿದಳು: "ಪದ್ಮಾವತಿಯ ತುಟಿಗಳು ಭೂತರಿದವು."

ಕೇಳಿದ್ದು ತಪ್ಪಿರಬೇಕು ಎಂದುಕೊಂಡರು. ಹೆಂಗಸು ನಿಲ್ಲಲಿಲ್ಲ. "ಚಹಾ ತಣ್ಣಗಾಗಿದೆ, ಭೂತವನ್ನು ಬಿಸಿ ಮಾಡಿ ತಾ ಎಂದಳು ಅತ್ತೆ." ಸ್ವಲ್ಪ ಹೊತ್ತಿಗೆ ಅಂಬಿಗ "ಭೂತ ಸರಿ, ಟಿಕೆಟ್ ಎಲ್ಲಿ?" ಎಂದು ಕೇಳಿದ. ಕತ್ತಲಲ್ಲಿ ಒಂದು ಒದ್ದೆ ಕೈ ಪದ್ಮಾವತಿಯ ಬಾಯಿಯನ್ನು "ಭೂತಮಿ" ಹಿಡಿಯಿತು. ಎಲ್ಲವನ್ನೂ ಆ ಪುಣ್ಯಾತ್ಗಿತ್ತಿ ಎದೆಯಾಳದ ದುಃಖದಿಂದ, ಒಂದಿಷ್ಟೂ ತಡವರಿಸದೆ ಓದಿದ್ದಳು.

ಮೆಂಡನ್ನರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟರು. ಆಗಿದ್ದೇನೆಂದು ಅವರಿಗೆ ತಿಳಿದುಹೋಗಿತ್ತು. ಕಥೆಯಲ್ಲಿ 'ಅದು', 'ಅದನ್ನು' ಎಂದು ಇದ್ದಲ್ಲೆಲ್ಲ ಇವರು ಕಂಪ್ಯೂಟರಿನಿಂದ 'ಭೂತ' ಎಂದು ಮಾಡಿಸಿದ್ದರು. ಕಂಪ್ಯೂಟರಿಗೇನು ಗೊತ್ತು? ಅದುರುವುದನ್ನೂ ಬಿಡಲಿಲ್ಲ, ಅದುಮುವುದನ್ನೂ ಬಿಡಲಿಲ್ಲ.

ಇದರಲ್ಲಿ ನಗುವಂಥದ್ದು ಬೇಕಾದಷ್ಟಿದೆ, ನಗುವವರು ನಗಲಿ. ಆದರೆ ಮೆಂಡನ್ನರಿಗೆ ಅದು ನಗುವ ವಿಷಯವಾಗಿರಲಿಲ್ಲ. ಯಾಕೆಂದು ತಿಳಿಯಬೇಕಾದರೆ ಅವರು ಬರಹಗಾರರಾದ ಬಗೆಯನ್ನು ಹೇಳಬೇಕು.

ಮೀನುಗಾರರ ಮನೆಯಲ್ಲಿ ಹುಟ್ಟಿದ ಯಾದವನಿಗೆ ಮೀನಿನ ಕರುಳು ಕಂಡರೆ ವಾಂತಿ. ತಂದೆ ದೋಣಿಯಿಂದ ಬುಟ್ಟಿ ಇಳಿಸಿದರೆ ಮಗ ಮೂಗು ಮುಚ್ಚಿಕೊಂಡು ಮರಳದಿಣ್ಣೆಯ ಆಚೆ ಓಡುತ್ತಿದ್ದ. "ಇವ ದಾರಿ ತಪ್ಪಿ ನಮ್ಮ ಮನೆಗೆ ಬಂದವ ಮಾರಾಯ," ಎಂದು ತಂದೆ ಕಂಡಕಂಡವರಲ್ಲಿ ಹೇಳುತ್ತಿದ್ದರು. ಕೊನೆಗೆ ಅವನನ್ನು ಮೀನು ಇಳಿಸುವ ದಕ್ಕೆಯ ಹತ್ತಿರದ ಐಸ್ ಪ್ಲಾಂಟಿನಲ್ಲಿ ಗುಮಾಸ್ತನಾಗಿ ಸೇರಿಸಿದರು. ಅಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆ ಇತ್ತು, ಮೀನು ಇರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಹಡಿಯ ತಣ್ಣನೆಯ ಕೋಣೆಯಲ್ಲಿ ಕೂತು ಅವನು ಬರೆಯಲು ಹಿಡಿದ. ಬರೆದದ್ದೆಲ್ಲ ಹುಟ್ಟಿದಾರಭ್ಯ ಹೇಸಿದ್ದೇ. ತೊರಕೆ ಮೀನಿನ ಹಾಗೆ ಮುಖವೇ ಇಲ್ಲದ ಹೆಣ, ಬೊಂಡಾಸು ಮೀನಿನ ಹಾಗೆ ಕೈಕಾಲು ಚಾಚುವ ಮಂಗಳಗ್ರಹದವರು. ಬೆಂಗಳೂರಿನಲ್ಲಿ ಕೂತು ಓದಿದವರು ಇಂಥದ್ದನ್ನು ಯಾರೂ ಕಲ್ಪಿಸಿಕೊಂಡೇ ಇಲ್ಲ ಎಂದರು. ಕಲ್ಪನೆ ಎಲ್ಲಿಂದ ಬಂತು? ದಕ್ಕೆಗೆ ಒಂದು ಬೆಳಿಗ್ಗೆ ಬಂದಿದ್ದರೆ ಎಲ್ಲರಿಗೂ ಕಾಣುತ್ತಿತ್ತು.

ಮೊದಲ ಕಾದಂಬರಿಗೆ ಅವರು ಸಲೀಸಾಗಿ 'ಐಸ್ ಪ್ಲಾಂಟಿನ ಭೂತ' ಎಂದು ಹೆಸರಿಟ್ಟರು. ಇಪ್ಪತ್ತನಾಲ್ಕರ ಪ್ರಾಯ, ಬುದ್ಧಿ ಓಡಲಿಲ್ಲ. ಘಟ್ಟದ ಮೇಲೆ ಭೂತವೆಂದರೆ ದೆವ್ವ. ಘಟ್ಟದ ಕೆಳಗೆ ತುಳು ಮಾತಾಡುವವರ ಮನೆಯಲ್ಲಿ ಭೂತವೆಂದರೆ ದೈವ, ಮನೆ ಕಾಯುವುದು, ನ್ಯಾಯ ಹೇಳುವುದು, ವರ್ಷಕ್ಕೊಮ್ಮೆ ನೇಮ ಎಂಬ ಉತ್ಸವ ಮಾಡಿಸಿಕೊಳ್ಳುವುದು. ಬೆಂಗಳೂರಿನ ಚಿತ್ರಗಾರ ಎಲ್ಲಿಂದಲೋ ದೈವಕ್ಕೆ ಹಾಕುವ ಲೋಹದ ಮುಖವಾಡ, ಮೊಗದ ಒಂದು ಫೋಟೋ ಹುಡುಕಿ, ಅದರ ಬಾಯಿಗೆ ರಕ್ತ ಬಳಿದು ಮುಖಪುಟ ಮಾಡಿದ. ತಾಯಿ ಅಪ್ಪಿಯಕ್ಕನಿಗೆ ಓದಲು ಬರುತ್ತಿರಲಿಲ್ಲ, ನೋಡಲು ಬರುತ್ತಿತ್ತು. ನೋಡಿದವರು ಅಲ್ಲಿಯೇ ಕುಸಿದು ಕೂತರು. ಮರುದಿನ ಮಗನ ಕೈ ಹಿಡಿದು ದೈವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯ ಮುಖ್ಯಸ್ಥರಾದ ಗುರಿಕಾರರ ಎದುರು ನಿಲ್ಲಿಸಿ, "ಇನ್ನು ನಿನ್ನ ಕೈ ಆ ಹೆಸರನ್ನು ಬರೆಯಬಾರದು, ನುಡಿ ಕೊಡು," ಎಂದರು. ಯಾದವ ಕೊಟ್ಟ. ಮತ್ತೆ ಬರೆಯಲಿಲ್ಲ.

ಹೆದರಿಕೆಯ ಕಥೆ ಬರೆಯುವವನು ಭೂತ ಎಂದು ಬರೆಯಬಾರದು ಎಂದರೆ ಭಟ್ಟರಿಗೆ ಉಪ್ಪು ಮುಟ್ಟಬೇಡಿ, ಅಡುಗೆ ಮಾಡಿ ಎಂದ ಹಾಗೆ. ಸತ್ತವರ ಅಲೆದಾಟಕ್ಕೆ ತುಳುವಿನಲ್ಲಿ ಕುಲೆ ಎಂಬ ಶಬ್ದವುಂಟು. ಅದನ್ನು ಬರೆದು ನೋಡಿದರು. ಬೆಂಗಳೂರಿನ ಕರಡು ತಿದ್ದುವವರು ಕಾಗುಣಿತದ ತಪ್ಪು ಎಂದು ಕುಲೆಯನ್ನೆಲ್ಲ ಕೊಲೆ ಮಾಡಿದರು. ಇಡೀ ಕಾದಂಬರಿಯಲ್ಲಿ ಹುಣಿಸೆ ಮರದಿಂದ ಮರಕ್ಕೆ ಒಂದು ಕೊಲೆ ಹಾರುತ್ತಿತ್ತು. ಕೊನೆಗೆ ಮೆಂಡನ್ನರು ಬೇಸತ್ತು 'ಅದು' ಎಂದು ಬರೆಯಲು ಹಿಡಿದರು. ಅದು ಬಂತು. ಅದು ಬಾಗಿಲ ಹಿಂದೆ ನಿಂತಿತು. ಅದಕ್ಕೆ ಮೀನಿನ ವಾಸನೆ ಇರಲಿಲ್ಲ.

ವಿಜ್ಞಾನದ ಕಥೆಗಳಲ್ಲಿ ಪಾಡು ಇನ್ನೂ ಕಷ್ಟ. ವಿಜ್ಞಾನಿ ಇದ್ದಮೇಲೆ ಭೂತಗನ್ನಡಿ ಬೇಡವೇ? ಮೆಂಡನ್ನರ ವಿಜ್ಞಾನಿಗಳೆಲ್ಲ 'ದೊಡ್ಡದು ಮಾಡಿ ತೋರಿಸುವ ಗಾಜು' ಹಿಡಿದು ತಿರುಗಿದರು. ಕಾಲಯಂತ್ರದಲ್ಲಿ ಕೂತವರು ಭೂತಕಾಲಕ್ಕೆ ಹೋಗಲಾರದೆ 'ಆಗಿಹೋದ ಕಾಲಕ್ಕೆ' ಹೋದರು. ಒಮ್ಮೆ 'ಶುಕ್ರಗ್ರಹದ ದಕ್ಕೆ'ಯಲ್ಲಿ ನಾಯಕಿ ಬೂತಾಯಿ ಹುರಿಯುವ ಮಾತು ಬಂತು. ಬೂತಾಯಿ ಎಂದರೆ ಮಂಗಳೂರಿನ ಬಡವರ ಮೀನು. ತಿದ್ದುವವನು ಅದನ್ನು ಭೂತಾಯಿ ಮಾಡಿಬಿಟ್ಟ. ನಾಯಕಿ ಭೂತಾಯಿಯ ಹೊಟ್ಟೆ ಸೀಳಿ, ಮಸಾಲೆ ಹಚ್ಚಿ, ಕಾವಲಿಗೆ ಹಾಕಿದಳು. ನುಡಿ ತಪ್ಪಿತೇ ಎಂದು ಮೆಂಡನ್ನರು ಹೆದರಿ ತಾಯಿಯನ್ನು ಕೇಳಿದರು. ಅಪ್ಪಿಯಕ್ಕ ಸ್ವಲ್ಪ ಯೋಚಿಸಿ, "ಮೀನಿಗೆ ದೋಷ ಇಲ್ಲ," ಎಂದು ತೀರ್ಪು ಕೊಟ್ಟರು.

ಹೀಗೆ ನೂರೆಂಬತ್ತಕ್ಕೂ ಮಿಕ್ಕಿ ಕಾದಂಬರಿಗಳಾದವು. ಎರಡು ಧಾರಾವಾಹಿ ಒಟ್ಟಿಗೆ ನಡೆಯುವಾಗ ದೆವ್ವಕ್ಕೆ ಕೆಂಪು ಶಾಯಿ, ವಿಜ್ಞಾನಕ್ಕೆ ನೀಲಿ. ಒಮ್ಮೆ ಶಾಯಿ ಅದಲುಬದಲಾಗಿ ರಾಕೆಟ್ಟಿನೊಳಗೆ ಬಿಳಿ ಸೀರೆಯ ಹೆಂಗಸು ಹತ್ತಿ ಕೂತಳು. ಓದುಗರು ಅವಳನ್ನೇ ಮುಂದುವರಿಸಿ ಎಂದು ಕಾಗದ ಬರೆದರು. ಪುಸ್ತಕಗಳಿಗೆ ಮನೆಯೊಳಗೆ ಪ್ರವೇಶ ಇರಲಿಲ್ಲ. ಅಪ್ಪಿಯಕ್ಕ ಬದುಕಿರುವ ತನಕ ಅವು ಐಸ್ ಪ್ಲಾಂಟಿನ ಮಹಡಿಯಲ್ಲೇ ಇದ್ದವು, ತೇವ ಹಿಡಿದು ಅಲ್ಲೇ ಕೊಳೆತವು. ಹೆಂಡತಿ ಕುಮುದಿನಿ ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಇತ್ತು, ಕಾದಂಬರಿ ಓದುವಷ್ಟು ಇರಲಿಲ್ಲ. ಓದಿ ಹೇಳಿ ಎಂದು ಅವಳು ಕೇಳಲಿಲ್ಲ, ಓದಿ ಹೇಳುತ್ತೇನೆ ಎಂದು ಇವರೂ ಕೂರಲಿಲ್ಲ. ಗಂಡನಿಗೆ ಪುಸ್ತಕದ ಕೆಲಸವುಂಟು ಎಂಬುದಷ್ಟೇ ಅವಳಿಗೆ ಗೊತ್ತು.

ವಿದ್ವಾಂಸರು ಮೊದಲು ಇವರನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ಜಾನೆಟ್ ಎಂಬ ಅಧ್ಯಾಪಕಿ ಇವರ ಮೇಲೆ ಪಿಎಚ್‌ಡಿ ಮಾಡಿದರು. ಭಯಕ್ಕೆ ಹೆಸರಿಡದೆ 'ಅದು' ಎಂದಷ್ಟೇ ಕರೆದದ್ದು ಮೆಂಡನ್ನರ ದೊಡ್ಡ ಕಲೆಗಾರಿಕೆ ಎಂದು ಇನ್ನೂರು ಪುಟ ಬರೆದರು. ಮೆಂಡನ್ನರು ಕೈಮುಗಿದು ಕೇಳಿಸಿಕೊಂಡರು. ಕಲೆಗಾರಿಕೆ ಅಪ್ಪಿಯಕ್ಕನದು ಎಂದು ಯಾರಿಗೆ ಹೇಳುವುದು?

ಆಮೇಲೆ ಮಾಸಿಕಗಳು ನಿಂತವು, ಬಾಡಿಗೆ ಪುಸ್ತಕದ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ಯಾದವ ಮೆಂಡನ್ ಎಂದರೆ ಯಾರು ಎಂದು ಕೇಳುವ ಕಾಲ ಬಂತು. ಅಂಥ ಹೊತ್ತಿಗೆ ಬಿಕರ್ನಕಟ್ಟೆಯ ಮಟಿಲ್ಡಾ ಟೀಚರ್ ಎಂಬ ಹಳೆಯ ಓದುಗರೊಬ್ಬರ ಟ್ರಂಕಿನಲ್ಲಿ ಎಲ್ಲ ಪುಸ್ತಕಗಳೂ ಜೋಪಾನವಾಗಿವೆ ಎಂದು ತಿಳಿಯಿತು. ಮಗಳು ಸುಪ್ರೀತಾ ಅವನ್ನು ತಂದು, ಪುಟಪುಟದ ಫೋಟೋ ತೆಗೆದು 'ಗುಂಯ್'ಗೆ ಕೊಟ್ಟಳು. ಒಪ್ಪಂದವನ್ನೂ ಅವಳೇ ಓದಿ, ಅಪ್ಪನ ಫೋನಿಗೆ ಬಂದ ಒಟಿಪಿಯನ್ನು ಅವಳೇ ಒತ್ತಿದ್ದಳು. ಮೆಂಡನ್ನರಿಗೆ ಬೇಕಾದದ್ದು ಒಂದೇ. ಸಾಯುವ ಮೊದಲು ತಮ್ಮ ಕಥೆ ಇನ್ನೊಮ್ಮೆ ಜನರ ಬಾಯಲ್ಲಿ ತಮ್ಮ ಹೆಸರಿನೊಂದಿಗೆ ಓಡಾಡಬೇಕು. ಇಷ್ಟೇ ಆಸೆ, ದೊಡ್ಡ ಆಸೆಯೇ.

"ಎಂತ ಸರ್, ನಿಲ್ಲಿಸಿದಿರಿ?" ಹಿತೇಶ್ ಕೇಳಿದ.

"ಇದು ಎಂತ ಮಾಡಿದ್ದು ನೀವು?"

"ಅಪ್‌ಡೇಟ್ ಮಾಡಿದ್ದು ಸರ್. ಈಗ ಇಡೀ ದೇಶಕ್ಕೆ ನಮ್ಮ ಕರಾವಳಿಯ ಭೂತ ಬೇಕು. ನಿಮ್ಮ ಕಥೆಯಲ್ಲಿ ಸಮುದ್ರ ಉಂಟು, ದೋಣಿ ಉಂಟು, ಎಲ್ಲ ಉಂಟು. ಆ ಒಂದು ಶಬ್ದ ಮಾತ್ರ ಇಲ್ಲ. ಅದು ಅಂತ ಹಾಕಿದರೆ ಯಾರು ಸರ್ಚ್ ಮಾಡ್ತಾರೆ?"

"ತುಟಿ ಭೂತರಿತು ಅಂದರೆ ಎಂತ?"

ಹಿತೇಶ್ ನಕ್ಕ. "ಅದು ಕಂಪ್ಯೂಟರಿನ ಮಿಸ್ಟೇಕ್. ನಾವೂ ಆಮೇಲೆ ನೋಡಿದ್ದು. ಓದಿದ ಮೇಡಂ ಮೈಸೂರಿನವರು, ಇಲ್ಲಿಯ ಕನ್ನಡ ಹೀಗೇ ಇರಬಹುದು ಅಂತ ಓದಿಬಿಟ್ಟಿದ್ದಾರೆ. ಆದರೆ ಕೇಳಿದವರಿಗೆ ಖುಷಿ ಆಗಿದೆ ಸರ್. ಕಮೆಂಟ್ ಹಾಕಿದ್ದಾರೆ, ಎಂಥ ಸೊಗಸಾದ ಮಂಗಳೂರು ಭಾಷೆ ಅಂತ."

"ಕೇಳಿದವರಿಗಾ? ಹೊರಗೆ ಬಿಟ್ಟಾಯಿತಾ ಇದನ್ನು?"

"ಹೋದ ವಾರವೇ ಬಿಟ್ಟಿದ್ದೇವೆ. ಸರ್‌ಪ್ರೈಸ್ ಕೊಡುವ ಅಂತ ಹೇಳ್ಲಿಲ್ಲ. ಕನ್ನಡದಲ್ಲಿ ಈಗ ಅದೇ ಫಸ್ಟ್." ಅವನು ಫೋನನ್ನು ಮುಂದೆ ಚಾಚಿದ. ಮೆಂಡನ್ನರು ಅದನ್ನು ಮೂಗಿನ ತುದಿಗೆ ಹಿಡಿದು ನೋಡಿದರು. ಮಸುಕಿನಲ್ಲೂ ಗುರುತು ಸಿಕ್ಕಿತು. ಬೆಳ್ಳಿಯ ಮೊಗ, ಅದರ ಎರಡು ಕಣ್ಣಿಂದಲೂ ರಕ್ತ. ಮೇಲೆ ದಪ್ಪಕ್ಷರದಲ್ಲಿ 'ಕಡಲ ಭೂತ'. ಕೆಳಗೆ ತಮ್ಮದೇ ಹೆಸರು.

ಬಾಯಲ್ಲಿ ಹುಳಿನೀರು ಬಂತು. ನುಂಗಿಕೊಂಡರು. "ನಿಮ್ಮಲ್ಲಿ ನೇಮ ಇಲ್ಲವಾ?" ಎಂದು ಕೇಳಿದರು.

"ಉಂಟಲ್ಲ ಸರ್. ನಮ್ಮ ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ. ನಾನೂ ಹೋಗಿ ಕೈಮುಗಿದು ನಿಲ್ತೇನೆ. ಆದರೆ ಅದು ದೈವ. ಇದು ಭೂತ. ಎರಡೂ ಬೇರೆ."

"ಬೇರೆ ಅಂತ ಯಾರು ಹೇಳಿದ್ದು?"

"ನಮ್ಮ ಲೀಗಲ್‌ನವರು," ಎಂದ ಹಿತೇಶ್, ಸಂಶಯವೇ ಇಲ್ಲದೆ.

ಮೆಂಡನ್ನರಿಗೆ ಮೈಸೂರಿನ ಹೆಂಗಸಿನ ಮೇಲೆ ಸಿಟ್ಟಿರಲಿಲ್ಲ, ಅವಳು ಕಾಣದ ಊರಿನವಳು. ಇವನು ನೇಮದಲ್ಲಿ ಗಂಧ ಹಚ್ಚಿಕೊಂಡು ಬಂದು, ಹಚ್ಚಿದ ಕೈಯಿಂದಲೇ ಮೊಗಕ್ಕೆ ರಕ್ತ ಬಳಿದವನು. ಇಂಥ ಹೇಸಿಗೆಯನ್ನು ತಾವು ಯಾವ ಕಾದಂಬರಿಯಲ್ಲೂ ಬರೆದಿಲ್ಲ ಎನಿಸಿತು. ಬರೆದಿದ್ದರೆ ಅತಿಯಾಯಿತು ಎಂದು ಓದುಗರು ಬೈಯುತ್ತಿದ್ದರು.

"ಮೊದಲಿನ ಹಾಗೆ ಮಾಡಿ," ಎಂದರು.

"ಆಗುವುದಿಲ್ಲ ಸರ್. ಎಲ್ಲ ಎಪಿಸೋಡ್ ರೆಕಾರ್ಡ್ ಆಗಿದೆ. ಬದಲಾಯಿಸುವ ಹಕ್ಕು ನಮಗೆ ಅಂತ ಒಪ್ಪಂದದಲ್ಲಿ ಉಂಟು. ಒಂದು ತಿಂಗಳು ನೋಡುವ ಸರ್. ಹೀಗೇ ಓಡಿದರೆ ನಿಮ್ಮ ಎಲ್ಲ ಪುಸ್ತಕ ತರ್ತೇವೆ, ಒಂದೂ ಬಿಡುವುದಿಲ್ಲ."

ಎಲ್ಲ ಪುಸ್ತಕ ಎಂಬ ಮಾತು ಕಿವಿಗೆ ಬಿದ್ದಾಗ ಮೆಂಡನ್ನರ ಎದೆ ಒಮ್ಮೆ ಜಿಗಿಯಿತು. ಜಿಗಿದದ್ದು ಗೊತ್ತಾಗಿ ತಮ್ಮ ಮೇಲೇ ಅಸಹ್ಯವಾಯಿತು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಅವರು ಎದ್ದರು. ಕರವಸ್ತ್ರವನ್ನು ಮೆಟ್ಟಿಲ ಬುಡದ ಕಸದ ಡಬ್ಬಿಗೆ ಹಾಕಿ, ಆಟೋ ಹಿಡಿದು ಬೋಳೂರಿನ ಮನೆಗೆ ಬಂದರು.

ಸಂಜೆ ಸುಪ್ರೀತಾ ಆಫೀಸಿನಿಂದ ನೇರ ಅಪ್ಪನ ಮನೆಗೆ ಬಂದಳು. ಹಿತೇಶ್ ಅವಳಿಗೆ ಫೋನ್ ಮಾಡಿ ಹೇಳಿದ್ದ. ಕುಮುದಿನಿ ಆ ಹೊತ್ತು ಮೀನು ತರಲು ಹೋಗಿದ್ದಳು.

"ಪಪ್ಪ, ಒಂದು ಶಬ್ದಕ್ಕೆ ಇಷ್ಟು ಮಾಡ್ತೀರಾ? ಇವತ್ತು ಎಲ್ಲರೂ ಹೇಳುವ ಶಬ್ದ ಅದು. ಟೀ ಶರ್ಟಿನಲ್ಲೂ ಉಂಟು."

"ನಾನು ನುಡಿ ಕೊಟ್ಟದ್ದು."

"ನೀವು ಬರೆದದ್ದಲ್ಲವಲ್ಲ. ಅವರು ಹಾಕಿದ್ದು. ಅಜ್ಜಿ ಹೇಳಿದ್ದು ನಿಮ್ಮ ಕೈ ಬರೆಯಬಾರದು ಅಂತ ಅಲ್ಲವಾ? ನಿಮ್ಮ ಕೈ ಬರೀಲಿಲ್ಲ."

ಮಗಳ ವಾದ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದರಿಂದಲೇ ಮೆಂಡ‌ನ್ನರಿಗೆ ಅದು ಇನ್ನಷ್ಟು ಹೇಸಿಗೆಯಾಗಿ ಕಂಡಿತು. ಬುದ್ಧಿವಂತಿಕೆಯಿಂದ ತಪ್ಪಿಸಿಕೊಳ್ಳುವುದು ಕೋರ್ಟಿನಲ್ಲಿ ನಡೆಯುತ್ತದೆ. "ಕೆಳಗೆ ನನ್ನ ಹೆಸರು ಉಂಟು ಮಗಾ. ನೋಡುವವರಿಗೆ ಯಾರ ಕೈ ಅಂತ ಕಾಣ್ತದಾ, ಹೆಸರು ಮಾತ್ರ ಕಾಣುವುದು," ಎಂದರು.

"ಹಾಗಾದರೆ ಎಂತ ಮಾಡುವುದು? ಇದನ್ನು ಬಿಟ್ಟರೆ ನಿಮ್ಮ ಪುಸ್ತಕವನ್ನು ಕೇಳುವವರು ಬೇರೆ ಯಾರೂ ಇಲ್ಲ ಪಪ್ಪ." ಹೇಳಿದ ಮೇಲೆ ಅವಳಿಗೇ ಬೇಸರವಾಗಿ, ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಮರುದಿನ ಸಂಕ್ರಮಣ. ಮೆಂಡನ್ನರು ಮಿಂದು, ತೆಂಗಿನಕಾಯಿ ಹಿಡಿದು ದೈವಸ್ಥಾನಕ್ಕೆ ಹೋದರು. ನುಡಿ ತಪ್ಪಿದೆ, ಏನು ಮಾಡಬೇಕು ಎಂದು ಕೇಳಿ ಬರುವ ಮನಸ್ಸಿತ್ತು. ಹೇಳಿದರೆ ಬೈಯುತ್ತಾರೆ, ದಂಡ ಹಾಕುತ್ತಾರೆ. ಬೈಯಲಿ ಎಂದೇ ಹೋದದ್ದು. ಈಗಿನ ಗುರಿಕಾರ ಕಮಲೇಶ್, ಅಂದು ನುಡಿ ಕೇಳಿಸಿಕೊಂಡಿದ್ದ ಗುರಿಕಾರರ ಮೊಮ್ಮಗ, ಇವರನ್ನು ಕಂಡು ಅಂಗಳಕ್ಕೇ ಇಳಿದು ಬಂದ.

"ಯಾದವಣ್ಣ, ನಮ್ಮ ಊರಿಗೇ ಹೆಸರು ತಂದ್ರಿ. ನಮ್ಮ ಬೋಟಿನವರು ಎಲ್ಲ ಅದನ್ನೇ ಕೇಳುವುದು ಈಗ. ಬಲೆ ಹಾಕಿ ಕೂತರೆ ಕಡಲ ಭೂತ." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. "ಈ ಸಲ ನೇಮದ ದಿನ ಸ್ಟೇಜಿನಲ್ಲಿ ನಿಮಗೆ ಒಂದು ಶಾಲು ಹಾಕುವ ಅಂತ ಕಮಿಟಿಯಲ್ಲಿ ಮಾತಾಗಿದೆ."

"ಕಮಲೇಶ, ಆ ಚಿತ್ರ ನೋಡಿದ್ದೀಯಾ?"

"ನೋಡದೆ ಉಂಟಾ? ನನ್ನ ಸ್ಟೇಟಸ್ಸಿಗೇ ಹಾಕಿದ್ದೇನೆ."

ಮೆಂಡನ್ನರು ಕಾಯಿಯನ್ನು ಅವನ ಕೈಗೆ ಕೊಟ್ಟು, ಗುಡಿಯ ಕಡೆ ಮುಖ ಎತ್ತದೆ ಹೊರಗೆ ಬಂದರು. ಕಾಂಪೌಂಡಿನ ಆಚೆ, ಚರಂಡಿಯ ಬದಿಯಲ್ಲಿ ಕೂತು ಬೆಳಗಿನ ನೀರುದೋಸೆಯನ್ನೆಲ್ಲ ಕಕ್ಕಿದರು. ಚರಂಡಿಯಲ್ಲಿ ಯಾರೋ ಬಿಸಾಡಿದ ಮೀನಿನ ಕಿವಿರುಗಳು ತೇಲುತ್ತಿದ್ದವು. ಅದನ್ನು ನೋಡಿ ಅವರಿಗೆ ಏನೂ ಆಗಲಿಲ್ಲ. ಎಪ್ಪತ್ತು ವರ್ಷ ಹೇಸಿದ್ದು ಯಾತಕ್ಕೋ, ಹೇಸಬೇಕಾದ್ದು ಯಾತಕ್ಕೋ.

ನುಡಿಯನ್ನು ಕೇಳಿಸಿಕೊಂಡವರು ಯಾರೂ ಉಳಿದಿರಲಿಲ್ಲ, ಅದು ತಪ್ಪಿತೆಂದು ಹೇಳುವವರೂ ಇರಲಿಲ್ಲ. ಮೆಂಡನ್ನರೊಬ್ಬರು ಸುಮ್ಮನಿದ್ದರೆ ಎಲ್ಲರಿಗೂ ಸುಖ. ಶಾಲು ಬರುತ್ತದೆ, ಪುಸ್ತಕಗಳೆಲ್ಲ ಒಂದೊಂದಾಗಿ ಎದ್ದು ಬರುತ್ತವೆ. ದಾರಿಯುದ್ದಕ್ಕೂ ಅವರು ಇದನ್ನೇ ಯೋಚಿಸುತ್ತ ನಡೆದರು. ಮನೆಯ ಗೇಟಿನ ಹತ್ತಿರ ನಿಂತು, ಒಳಗೆ ಹೋಗುವ ಮೊದಲೇ ಹಿತೇಶನಿಗೆ ಫೋನ್ ಹಚ್ಚಿದರು. ಒಳಗೆ ಹೋದರೆ ಮನಸ್ಸು ಬದಲಾದೀತು ಎಂಬ ಹೆದರಿಕೆ ಇತ್ತು.

"ಶಬ್ದ ತೆಗೆಯಲಿಕ್ಕೆ ಆಗದಿದ್ದರೆ ನನ್ನ ಹೆಸರು ತೆಗೆಯಿರಿ," ಎಂದರು.

"ಹೆಸರಾ ಸರ್? ಇದರಿಂದಲಾ?"

"ಎಲ್ಲದರಿಂದ. ಮುಂದೆ ತರುವ ಪುಸ್ತಕದಲ್ಲೂ ಬೇಡ. ಆ ಶಬ್ದ ಇದ್ದಲ್ಲಿ ನನ್ನ ಹೆಸರು ಇರಬಾರದು."

ಅವನು ಬೇಡುತ್ತಾನೆ ಎಂದು ಮೆಂಡನ್ನರು ಕಾದರು. ನಿಮ್ಮ ಹೆಸರಿಲ್ಲದೆ ಹೇಗೆ ಸರ್ ಎಂದು ಒಂದು ಮಾತು ಬಂದೀತು, ಆಗ ಶಬ್ದ ತೆಗೆಯುವ ಬಗ್ಗೆ ಇನ್ನೊಮ್ಮೆ ಪಟ್ಟು ಹಿಡಿಯಬಹುದು ಎಂದು ಲೆಕ್ಕ ಹಾಕಿದ್ದರು. ಅತ್ತಕಡೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು.

"ಆಯಿತು ಸರ್, ತೆಗೆದಿದ್ದೇನೆ," ಎಂದ ಹಿತೇಶ್. "ನಮಗೆ ತೊಂದರೆ ಇಲ್ಲ. ಹಾಗೆ ನೋಡಿದರೆ ಬರೆದವರ ಹೆಸರು ಯಾರೂ ನೋಡುವುದಿಲ್ಲ. ಬೇರೆ ಎಂತ ಉಂಟು ಸರ್?"

ಬೇರೆ ಏನೂ ಇರಲಿಲ್ಲ.

ಒಳಗೆ ಹೋಗಿ ಕುಮುದಿನಿಗೆ, "ಆ ಫೋನಿನ ಕಂಪೆನಿಯವರ ವ್ಯವಹಾರ ಬೇಡ ಅಂತ ಬಿಟ್ಟೆ," ಎಂದಷ್ಟೇ ಹೇಳಿದರು. ಒಳ್ಳೆಯದಾಯಿತು, ಆ ಹುಡುಗನ ಮಾತು ತನಗೂ ಸರಿ ಕಂಡಿರಲಿಲ್ಲ ಎಂದಳು ಅವಳು. ಸುಪ್ರೀತಾ ಎರಡು ದಿನ ಸಿಟ್ಟಿನಲ್ಲಿದ್ದಳು. ಅಮ್ಮನಿಗೆ ಏನೂ ಹೇಳಬೇಡ ಎಂದು ಅಪ್ಪ ಕೇಳಿಕೊಂಡದ್ದಕ್ಕೆ ಬಾಯಿ ಮುಚ್ಚಿ ಕೂತಳು. ಕಮಲೇಶನ ಶಾಲಿನ ಮಾತು ಮತ್ತೆ ಏಳಲಿಲ್ಲ. ಹೆಸರಿಲ್ಲದ ಮೇಲೆ ಯಾರಿಗೆ ಹಾಕುವುದು?

ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಮೆಂಡನ್ನರು ಊಟಕ್ಕೆ ಮೊದಲು ಹಿತ್ತಲಿನ ಜಗಲಿಗೆ ಬಂದರು. ಕುಮುದಿನಿ ಅಲ್ಲಿ ಕತ್ತಿಮಣೆ ಇಟ್ಟುಕೊಂಡು ಮೀನು ಕೊಯ್ಯುತ್ತಿದ್ದಳು. ಪಕ್ಕದ ಕಟ್ಟೆಯ ಮೇಲೆ ಫೋನನ್ನು ಒರಗಿಸಿಟ್ಟಿದ್ದಳು. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಹಾಕಿಕೊಟ್ಟದ್ದಂತೆ. ತಗ್ಗಿದ ದನಿಯ ಹೆಂಗಸು ಓದುತ್ತಿದ್ದಳು. ದೋಣಿಯಲ್ಲಿ ಪದ್ಮಾವತಿಯ ಪಕ್ಕ ಯಾರೋ ಬಂದು ಕೂತಿದ್ದಾರೆ, ಅವಳು ತಿರುಗಿ ನೋಡುವುದಿಲ್ಲ, ಅವಳ ಸೀರೆಯ ಅಂಚು ಆ ಕಡೆಯಿಂದ ಮೆಲ್ಲಗೆ ಒದ್ದೆಯಾಗುತ್ತ ಬರುತ್ತದೆ.

ಕುಮುದಿನಿಯ ಕತ್ತಿ ನಿಂತಿತು. ಅವಳು ತನ್ನ ಸೀರೆಯ ಅಂಚನ್ನು ಮೊಣಕಾಲಿನ ಅಡಿಗೆ ಎಳೆದುಕೊಂಡಳು. ಆ ಶಬ್ದ ಬಂದಾಗ ಮೀನಿನ ಕೈಯ ಮಣಿಕಟ್ಟಿನಿಂದಲೇ ಎರಡೂ ಗಲ್ಲ ಮುಟ್ಟಿಕೊಂಡು ತಪ್ಪಾಯಿತು ಎಂದುಕೊಂಡಳು. ಆದರೆ ಫೋನು ನಿಲ್ಲಿಸಲಿಲ್ಲ.

ಆ ಸೀರೆಯ ಅಂಚಿಗಾಗಿ ಮೆಂಡನ್ನರು ಒಂದು ಇಡೀ ವಾರ ತಲೆ ಕೆರೆದುಕೊಂಡಿದ್ದರು. ಓದಿದವರು ಎಲ್ಲಿ ಬೆಚ್ಚಬೇಕೆಂದು ಎಣಿಸಿದ್ದರೋ, ಇವಳು ಬೆಚ್ಚಿದ್ದು ಅಲ್ಲಿಯೇ. ಅವರು ಬಾಗಿಲ ದಾರಂದ ಹಿಡಿದು ನಿಂತರು.

"ನೀವು ಬಂದದ್ದೇ ಗೊತ್ತಾಗ್ಲಿಲ್ಲ," ಎಂದಳು ಅವಳು. "ಕೂತ್ಕೊಳ್ಳಿ, ಕೇಳಿ. ನಾಲ್ಕು ದಿನದಿಂದ ಕೇಳ್ತಾ ಇದ್ದೇನೆ. ಬಿಡ್ಲಿಕ್ಕೇ ಮನಸ್ಸು ಬರುವುದಿಲ್ಲ."

"ಯಾರು ಬರೆದದ್ದಂತೆ?" ಕೇಳಬಾರದಿತ್ತು. ಬಾಯಿಯಿಂದ ಬಂದುಬಿಟ್ಟಿತು.

"ಹೆಸರೇ ಇಲ್ಲ. ಘಟ್ಟದ ಮೇಲಿನವ ಯಾರೋ ಇರಬೇಕು. ನಮ್ಮವರು ಆ ಹೆಸರನ್ನು ಹೀಗೆ ಬರೀತಾರಾ? ಅತ್ತೆಗೆ ಮಾತು ಕೊಟ್ಟದ್ದಕ್ಕೆ ನೀವು ಇಷ್ಟು ವರ್ಷದಲ್ಲಿ ಒಂದು ಸಲ ಬರೀಲಿಲ್ಲ. ಅದೊಂದು ನನಗೆ ನಿಮ್ಮ ಮೇಲೆ ಯಾವತ್ತೂ ದೊಡ್ಡ ಮರ್ಯಾದೆ." ಅವಳು ಮೀನಿನ ಹೊಟ್ಟೆ ಸೀಳಿ ಕರುಳನ್ನು ಬೆರಳಿಂದ ಎಳೆದು ಹಾಕಿದಳು. "ಆದರೆ ಈ ಬೇವರ್ಸಿಗೆ ಬರೀಲಿಕ್ಕೆ ಮಾತ್ರ ಗೊತ್ತುಂಟು. ಸಮುದ್ರದ ಬದಿಯಲ್ಲಿ ಹುಟ್ಟಿದವನ ಹಾಗೆ ಬರೀತಾನೆ. ಬೇಸರ ಮಾಡ್ಬೇಡಿ, ನೀವೂ ರಾತ್ರಿ ಹಗಲು ಬರೆದ್ರಿ. ಇಂಥದ್ದು ಒಂದಾದ್ರೂ ಬರೀಬಹುದಿತ್ತು."

ಮೆಂಡನ್ನರು ಜಗಲಿಯ ಅಂಚಿನಲ್ಲಿ, ಮೀನಿನ ನೀರು ಹರಿದ ಜಾಗ ಎಂದೂ ನೋಡದೆ, ಅವಳ ಪಕ್ಕ ಕೂತರು.

"ಬರೀಬಹುದಿತ್ತು," ಎಂದರು.